ಅಂಚೆಚೀಟಿಯೊಳಗಿನ ಸೆರಗು

ಬೆಟಗೇರಿಯ ನೇಕಾರರ ಓಣಿಯ ಮರಿಯವ್ವ ಆ ವಾರ ನಾಲ್ಕು ಸಲ ಗದಗಿನ ಪೋಸ್ಟ್ ಆಫೀಸಿಗೆ ನಡೆದಳು. ತೀರಿಹೋದ ಸಿನಿಮಾ ನಟಿಯೊಬ್ಬಳ ಚಿತ್ರದ ಅಂಚೆಚೀಟಿ ಬರುತ್ತದೆ ಎಂದು ಪೇಪರಿನಲ್ಲಿ ಹಾಕಿದ್ದರು. ಕಿಟಕಿಯ ಹಿಂದೆ ಕೂಡುವ ಇಸಾಕ ನಾಲ್ಕೂ ಸಲ ಬಂದಿಲ್ಲ ಎಂದ. ಕೊನೆಗೆ, ಇಷ್ಟು ಅವಸರ ಮಾಡಿ ಪತ್ರ ಹಾಕುವುದು ಯಾರಿಗೆ ಎಂದು ಚೇಷ್ಟೆ ಮಾಡಿದ. ಮರಿಯವ್ವ ಯಾರಿಗೆ ಪತ್ರ ಹಾಕಬೇಕಿತ್ತೋ ಅವಳೇ ಆ ಚೀಟಿಯ ಮೇಲಿದ್ದಳು.

ನಟಿಯ ಮೊದಲಿನ ಹೆಸರು ಗದಿಗೆವ್ವ. ನಾಟಕ ಕಂಪನಿಯ ಜೊತೆ ಬಂದು ಮರಿಯವ್ವನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಳು. ಇಬ್ಬರಿಗೂ ಆಗ ಇಪ್ಪತ್ತು ತುಂಬಿರಲಿಲ್ಲ. ಗದಿಗೆವ್ವನಿಗೆ ಒಂದು ಸೊಕ್ಕಿತ್ತು. ರಂಗದ ಮೇಲೆ ಓಡಿದರೂ, ಬಿದ್ದು ಅತ್ತರೂ ಆಕೆಯ ಸೆರಗು ಜಾರುತ್ತಿರಲಿಲ್ಲ. ಪಿನ್ನು ಹಚ್ಚುವವರನ್ನು ಕಂಡರೆ ಸೀರೆ ಉಡಲು ಬಾರದವರು ಎಂದು ನಗುತ್ತಿದ್ದಳು.

ಮದ್ರಾಸಿನಿಂದ ಸಿನಿಮಾಕ್ಕೆ ಕರೆ ಬಂದಾಗ ಆಕೆ ಮರಿಯವ್ವನ ಕೈಯಿಂದಲೇ ಒಂದು ಸೀರೆ ಬೇಕೆಂದಳು. ಈ ಓಣಿಯಲ್ಲಿ ನೇಯುವ ಸೀರೆಗೆ ಮೈಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಕಟ್ಟುವ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಒಬ್ಬರು ಹಾಕಿದ ಕೊಂಡಿಯನ್ನು ಇನ್ನೊಬ್ಬರು ಬೆರಳಾಡಿಸಿ ನೋಡಬೇಕು. ಆದರೆ ಕೊಂಡಿ ಹಾಕುವ ದಿನವೇ ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮೆರವಣಿಗೆ ನೋಡಲು ಇಡೀ ಓಣಿ ಹೋಗಿತ್ತು, ಕೊಂಡಿ ನೋಡಬೇಕಾದ ಅತ್ತೆ ಉಡಚವ್ವನೂ ಹೋಗಿದ್ದಳು. ಗದಿಗೆವ್ವ ರೈಲು ಹತ್ತಲು ಐದೇ ದಿನ ಇತ್ತು. ಮರಿಯವ್ವ ಒಬ್ಬಳೇ ಕೊಂಡಿ ಹಾಕಿದಳು.

ಐದನೆಯ ದಿನ ಸೀರೆ ಮಡಚುವಾಗ ತಪ್ಪು ಬೆರಳಿಗೆ ಸಿಕ್ಕಿತು. ಮೂರು ಕೊಂಡಿ ತಪ್ಪಿ, ಸೆರಗು ಕೂಡುವಲ್ಲಿ ಅಕ್ಕಿಕಾಳಿನಷ್ಟು ಸಂದು ಬಿದ್ದಿತ್ತು. ಗದಿಗೆವ್ವ ಟ್ರಂಕು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮರಿಯವ್ವ ಆ ಜಾಗವನ್ನು ಒಳಮಡಿಕೆಗೆ ಸರಿಸಿ ಕೊಟ್ಟುಬಿಟ್ಟಳು.

ಪತ್ರ ಹಾಕುತ್ತೇನೆ ಎಂದು ಹೋದವಳು ಹಾಕಲಿಲ್ಲ. ದೊಡ್ಡ ಮಂದಿಯ ಮುಂದೆ ಸಂದು ಹರಿದಿರಬೇಕು, ಅವರು ನಕ್ಕಿರಬೇಕು, ಅದಕ್ಕೇ ಸಿಟ್ಟಾಗಿದ್ದಾಳೆ ಎಂದು ಮರಿಯವ್ವ ತಿಳಿದಳು. ಪೋಸ್ಟಮನ್ನನ ಸೈಕಲ್ ಗಂಟೆ ಕೇಳಿದರೆ ಆಕೆಯ ಲಾಳಿ ಅರ್ಧಕ್ಕೆ ನಿಲ್ಲುತ್ತಿತ್ತು. ಗದಿಗೆವ್ವನ ಸಿನಿಮಾ ಊರಿಗೆ ಬಂದಾಗ ಮೂರು ಸಲ ಥೇಟರಿನ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಹೀಗೆ ನಲವತ್ತು ವರ್ಷ ಕಳೆದವು. ಗದಿಗೆವ್ವ ತೀರಿಹೋದ ಸುದ್ದಿಯೂ ಪೇಪರಿನಿಂದಲೇ ಗೊತ್ತಾಯಿತು.

ಐದನೆಯ ಸಲ ಹೋದಾಗ ಚೀಟಿ ಬಂದಿತ್ತು. ಕಂದು ಬಣ್ಣದ್ದು, ಎರಡು ಬೆರಳಗಲ. ಮದ್ರಾಸಿನಲ್ಲಿ ತೆಗೆಸಿದ ಮೊದಲನೆಯ ಫೋಟೋ ಇದಂತೆ ಎಂದು ಇಸಾಕ ಹೇಳಿದ. ಮಸುಕಾದ ವಿಳಾಸ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನೂ ಕೊಟ್ಟ.

ಮರಿಯವ್ವ ಮೊದಲು ಸೀರೆಯ ದಡಿ ನೋಡಿದಳು, ಆಮೇಲೆ ಸೆರಗಿನಲ್ಲಿ ನೇಯ್ದ ತೆನೆಯ ಸಾಲು. ಎರಡೂ ತನ್ನ ಕೈಯವೇ. ಸೆರಗು ಕೂಡುವ ಗೆರೆ ಎಡಭುಜದ ಮೇಲೆ ಬಂದಿತ್ತು. ಅದರ ಜಾಡು ಹಿಡಿದು ಹೋದ ಗಾಜು ಸಂದು ಬಿದ್ದಿದ್ದ ಜಾಗದಲ್ಲಿ ನಿಂತಿತು.

“ಪಿನ್ನು ಹಚ್ಯಾಳ.”

“ಹಚ್ಚಲಿ ಬಿಡು ಆಯಿ,” ಎಂದ ಇಸಾಕ. “ನಮ್ಮ ಮನ್ಯಾಗ ಎಲ್ಲಾರೂ ಹಚ್ಚತಾರ.”

“ಆಕಿ ಹಚ್ಚಾಕಿ ಅಲ್ಲಪಾ.”

ಗಾಜು ಕೊಟ್ಟಳು. ಮತ್ತೆ ಇಸಿದುಕೊಂಡು ಅದೇ ಜಾಗ ನೋಡಿದಳು.

“ಆಕಿಗೆ ಗೊತ್ತಾಗೇತಿ. ಗೊತ್ತಾಗಿನೂ ಉಟ್ಟಾಳ.”

ಇಸಾಕನಿಗೆ ಏನೂ ತಿಳಿಯಲಿಲ್ಲ. ಹಿಂದೆ ನಿಂತವರು ಗೊಣಗುತ್ತಿದ್ದರು. ಮರಿಯವ್ವ ಒಂದು ಚೀಟಿ ಕೊಂಡು, ಸೆರಗಿನ ಅಂಚಿಗೆ ಗಂಟು ಹಾಕಿಕೊಂಡು ಹೊರಟಳು. ಬೆಟಗೇರಿಯ ಅರ್ಧ ದಾರಿ ಹೋದವಳು ತಿರುಗಿ ಬಂದು ಸಾಲಿನಲ್ಲಿ ನಿಂತಳು. ಸೆರಗು ನೋಡುವುದರಲ್ಲಿ ಗದಿಗೆವ್ವನ ಮುಖವನ್ನೇ ನೋಡಿರಲಿಲ್ಲ. ಕಿಟಕಿಯ ಹತ್ತಿರ ಬಂದಾಗ ಗಂಟು ಬಿಚ್ಚುತ್ತ, ಗಾಜಿಗಾಗಿ ಒಳಗೆ ಕೈ ಚಾಚಿದಳು.