ಕೇಳದ ಪ್ರಶ್ನೆಗೆ ಬಂದ ಉತ್ತರ

ಆಫೀಸಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಚಿಲಕ’ ಅನ್ನುತ್ತಿದ್ದರು. ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ಅದು. ಹೊರಗಿನಿಂದ ಬರುವ ಪ್ರತಿ ಸಂದೇಶದ ಮೇಲೂ ಕಳಿಸಿದವರ ವಿಳಾಸ ಇರುತ್ತದೆ. ಅದು ನಿಜವೋ ಕಳ್ಳ ವಿಳಾಸವೋ ನೋಡಿ ಒಳಗೆ ಬಿಡುವುದು ಅವಳ ಕೆಲಸ. ಮನೆಯಲ್ಲೂ ಅದೇ ಬುದ್ಧಿ! ದಿನಾ ಬರುವ ಹಾಲಿನವನಿಗೂ “ಯಾರು? ಯಾರದು?” ಅಂತ ಎರಡೆರಡು ಸಲ ಕೇಳದೆ ಬಾಗಿಲು ತೆಗೆದವಳಲ್ಲ.

ಅವಳನ್ನು ಸಾಕಿದ್ದು ಚಿಕ್ಕಮ್ಮ. ಆಫೀಸಿನ ಹಿಂದಿನ ಬೀದಿಯಲ್ಲೇ ಮನೆ, ಒಂಟಿ ಜೀವ. ಹೃದಯ ಸೋತಿದ್ದರಿಂದ ಎದೆಗೊಂದು ಯಂತ್ರ ಅಂಟಿಸಿದ್ದರು. ಬಡಿತ ತಪ್ಪಿದರೆ ಅದು ಇಂಟರ್ನೆಟ್ಟಿನಲ್ಲೇ ಆಸ್ಪತ್ರೆಯನ್ನು ಕೂಗುತ್ತಿತ್ತು. ಆಸ್ಪತ್ರೆಗೆ ಇಂಟರ್ನೆಟ್ ಕೊಟ್ಟಿದ್ದು ಇವಳ ಕಂಪನಿ. ಚಿಕ್ಕಮ್ಮನ ಮನೆಯ ಇಂಟರ್ನೆಟ್ ಬೇರೆ ಕಂಪನಿಗಳದು. ಒಂದು ಲೈನ್ ಕೈಕೊಟ್ಟರೆ ಇನ್ನೊಂದಿರಲಿ ಅಂತ ಹಟ ಹಿಡಿದು ಅಲ್ಲಿ ಎರಡು ಲೈನ್ ಹಾಕಿಸಿದವಳು ಇವಳೇ. ಹಾಗಾಗಿ ಆ ಮನೆಯ ಮಾತು ಹೋಗುವುದು ಒಂದು ದಾರಿಯಲ್ಲಿ, ಉತ್ತರ ಬರುವುದು ಇನ್ನೊಂದರಲ್ಲಿ.

ಒಂದು ಮಧ್ಯಾಹ್ನ ಚಿಕ್ಕಮ್ಮ ಫೋನ್ ಮಾಡಿದಳು.

“ಪುಟ್ಟೀ, ಈ ಇಂಟರ್ನೆಟ್ ಡಬ್ಬಿ ದೀಪಗಳು ಬೆಳಗ್ಗೆಯಿಂದ ಹುಚ್ಚು ಹಿಡಿದ ಹಾಗೆ ಮಿಟುಕ್ತಿವೆ ಕಣೇ. ನಾನು ಯಾರನ್ನೂ ಏನೂ ಕೇಳಿಲ್ಲ. ಆದ್ರೂ ಯಾರ್ಯಾರೋ ಬಂದು ಉತ್ತರ ಹೇಳೋ ಹಾಗಿದೆ. ಮೈ ಜುಮ್ಮನ್ನುತ್ತೆ.”

ಇವಳಿಗೆ ತಕ್ಷಣ ತಿಳಿಯಿತು. ಯಾವನೋ ಪಾಪಿ ಚಿಕ್ಕಮ್ಮನ ವಿಳಾಸ ಹಾಕಿಕೊಂಡು ಕಂಡಕಂಡ ಯಂತ್ರಗಳಿಗೆಲ್ಲ ಪ್ರಶ್ನೆ ಕಳಿಸುತ್ತಿದ್ದ. ಉತ್ತರಗಳೆಲ್ಲ ಆ ಮುದುಕಿಯ ಮನೆಗೆ ನುಗ್ಗುತ್ತಿದ್ದವು. ಇವಳ ಕಾವಲಿನ ಯಂತ್ರಗಳೂ ಮೋಸಹೋಗಿ ಉತ್ತರಿಸುತ್ತಿದ್ದವು. ಸೀದಾ ಎದ್ದು ಮೇಲಿನವರ ಹತ್ತಿರ ಹೋದಳು.

“ಬಿಗಿ ಮಾಡ್ತೀನಿ ಸಾರ್. ಒಂದು ವಿಳಾಸಕ್ಕೆ ನಾವು ಯಾವ ಬಾಗಿಲಿಂದ ಉತ್ತರ ಕಳಿಸ್ತೀವೋ, ಅಲ್ಲಿನ ಪ್ರಶ್ನೆ ಅದೇ ಬಾಗಿಲಿಂದ ಬಂದ್ರೆ ನಿಜ. ಬೇರೆ ಕಡೆಯಿಂದ ಬಂದ್ರೆ ಕಳ್ಳ.”

“ನೆಗಡಿ ಬಂತು ಅಂತ ಮೂಗು ಕೊಯ್ಕೋಬೇಡಮ್ಮ,” ಅಂದರು ಮೇಲಿನವರು. “ಎಷ್ಟೋ ಜನಕ್ಕೆ ಹೋಗೋ ದಾರಿ ಬೇರೆ, ಬರೋ ದಾರಿ ಬೇರೆ ಇರುತ್ತೆ.”

ಸಿಟ್ಟು ಬಂದವಳಿಗೆ ಕಿವಿ ಎಲ್ಲಿ? ಬಿಗಿ ಮಾಡಿಯೇಬಿಟ್ಟಳು.

ತಡೆದ ಸಂದೇಶಗಳು ಪರದೆಯ ಮೇಲೆ ಸಾಲುಗಟ್ಟಿದವು. ಎಲ್ಲದರ ಮೇಲೂ ಚಿಕ್ಕಮ್ಮನ ವಿಳಾಸ. ಬರುಬರುತ್ತ ಎಲ್ಲ ಬಾಗಿಲುಗಳೂ ತಣ್ಣಗಾದವು, ಒಂದು ಮಾತ್ರ ಆಗಲಿಲ್ಲ. ಅಲ್ಲಿ ಯಾರೋ ಒಂದೇ ಸಮನೆ ಬಡಿಯುತ್ತಲೇ ಇದ್ದರು.

“ಎಷ್ಟು ಹಟ ನೋಡು ಮುಂಡೇದಕ್ಕೆ! ಬಡಿ, ಬಡಿ!” ಅಂತ ನಗುತ್ತ ಟೀ ಕುಡಿದಳು.

ಲೋಟ ಇಡುವಾಗ ಕಣ್ಣು ಪರದೆಯ ಇನ್ನೊಂದು ಬದಿಗೆ ಹೋಯಿತು. ಇಷ್ಟು ಹೊತ್ತು ನೋಡಿದ್ದು ಯಾರಿಂದ ಬಂತು ಅನ್ನುವುದನ್ನು ಮಾತ್ರ. ಯಾರಿಗೆ ಹೊರಟಿತ್ತು ಅಂತ ಈಗ ಓದಿದಳು. ಆಸ್ಪತ್ರೆಗೆ. ಆ ಬಾಗಿಲಿಗೆ ಬಂದ ಪ್ರತಿಯೊಂದೂ ಆಸ್ಪತ್ರೆಗೆ.

ಅಯ್ಯೋ, ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಬಿಗಿ ಸಡಿಲಿಸಿ, ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಚಿಕ್ಕಮ್ಮ ಡಬ್ಬಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಕೈ ತಣ್ಣಗಿತ್ತು. ಡಬ್ಬಿಯ ದೀಪಗಳು ಈಗ ಶಾಂತವಾಗಿದ್ದವು. ಎದೆಯ ಯಂತ್ರ ಮಾತ್ರ ಮಿನುಗುತ್ತ ಇನ್ನೂ ಕರೆಯುತ್ತಲೇ ಇತ್ತು. ಅಷ್ಟರಲ್ಲಿ ಮಡಿಲಲ್ಲಿದ್ದ ಫೋನ್ ಹೊಡೆದುಕೊಂಡಿತು. ಇವಳು ಎತ್ತಿ ಕಿವಿಗಿಟ್ಟುಕೊಂಡಳು.

“ಅಮ್ಮಾ, ಆಸ್ಪತ್ರೆಯಿಂದ. ನಿಮ್ಮ ಯಂತ್ರ ಈಗ ತಾನೇ ಕೂಗ್ತು. ಹುಷಾರಾಗಿದೀರಾ ತಾನೇ?”

ಇವಳು ಬಗ್ಗಿ ಎದೆಯ ಯಂತ್ರದ ಮೇಲೆ ಕೈಯಿಟ್ಟಳು. ಫೋನಿನ ದನಿ ಮತ್ತೆ ಕೇಳಿತು.

“ಹಲೋ... ಯಾರು? ಯಾರದು?”