ಗೊಂಬೆಗಳ ನಡುವೆ ಒಂದು ಮಗ್ಗ

ಈ ಸಲದ ದಸರಾ ಗೊಂಬೆಗಳ ನಡುವೆ ಒಂದು ಮಗ್ಗ ಓಡಬೇಕೆಂಬ ಆಸೆ ಹುಟ್ಟಿದ್ದು ನನ್ನ ಓರಗಿತ್ತಿಯ ಸಲುವಾಗಿ. ನಾನು ಅಕ್ಕ ಎಂದೇ ಕರೆಯುವ ಆಕೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಆಯುಷ್ಯದ ಬಹುಪಾಲು ಸೀರೆ ನೇಯ್ದವಳು. ಮಗ್ಗಗಳು ಗುಜರಿಗೆ ಹೋದ ಮೇಲೆ ಅರಿಶಿನಕುಂಟೆಯ ಮಗಳ ಮನೆ ಸೇರಿದಳು. ಈಗ ವೀಲ್‌ಚೇರು, ಮರೆವು. ಫೋನ್ ಮಾಡಿದರೆ "ಯಾರು ತಾಯಿ ನೀವು?" ಎನ್ನುತ್ತಾಳೆ, ವೆರಿ ಪೊಲೈಟ್. ಜೀವಮಾನವೆಲ್ಲ ನನ್ನನ್ನು ಗದರಿದವಳ ಬಾಯಲ್ಲಿ ಆ ಮರ್ಯಾದೆ ಕೇಳಲಾಗುವುದಿಲ್ಲ. ಒಂದೇ ಒಂದು ಸಲ ಅವಳು ಗದರಲಿ ಎಂದು ಮನಸ್ಸು ಹಂಬಲಿಸುತ್ತದೆ.

ರಟ್ಟಿನಲ್ಲಿ ಪುಟ್ಟ ಮಗ್ಗ ಮಾಡಿ ನಿಜವಾದ ರೇಷ್ಮೆ ಎಳೆ ಹಾಸಿದೆ. ಎದುರಿಗೆ ಯಾರಾದರೂ ಬಂದರೆ ಅದು ತಾನೇ ಓಡಬೇಕು. ಅದಕ್ಕೊಂದು ಸೆನ್ಸರ್ ಬೇಕು. ಬಜಾರಿನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ.

"ಬೀರು ಒಳಗೆ ಅಂಟಿಸೋ ಲೈಟು ಇರತ್ತಲ್ಲಪ್ಪ, ಕೈ ಆಡಿಸಿದ್ರೆ ಹತ್ಕೊಳ್ಳೋದು? ಇರೋದ್ರಲ್ಲೇ ಚೀಪ್ ಆಗಿರೋದು ಕೊಡು."

"ಅದಕ್ಕೆ ಗ್ಯಾರಂಟಿ ಇಲ್ಲ ಅಜ್ಜಿ."

"ನಂಗೂ ಇಲ್ಲ. ಕೊಡು."

ಮನೆಗೆ ತಂದು ಬಿಚ್ಚಿದೆ. ಬಲ್ಬಿನ ವೈರು ಕತ್ತರಿಸಿ, ಮುರಿದ ಆಟಿಕೆ ಕಾರಿನ ಮೋಟರಿಗೆ ಜೋಡಿಸಿದೆ. ಮೋಟರು ಮಿಸುಕಲಿಲ್ಲ. ಲೈಟಿಗೆ ಸಾಲುವ ಕರೆಂಟು ಅದಕ್ಕೆ ಸಾಲದು. ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಬಿಡುವ ಟ್ರಾನ್ಸಿಸ್ಟರ್ ಒಂದನ್ನು ನಡುವೆ ಹಾಕಿ, ಮೋಟರಿಗೆ ಬೇರೆ ಬ್ಯಾಟರಿ ಕೊಟ್ಟೆ. ಹಾಕಿದ ಬೆಸುಗೆ ಎರಡು ಸಲ ಬಿಟ್ಟುಕೊಂಡಿತು. "ಪೇಷನ್ಸ್, ಗರ್ಲ್ಸ್!" ಎನ್ನುತ್ತಿದ್ದ ಕಾನ್ವೆಂಟಿನ ಫಿಸಿಕ್ಸ್ ಸಿಸ್ಟರ್ ನೆನಪಾದರು. ಆಮೇಲೆ ನೋಡಿದರೆ ಹಗಲಿನಲ್ಲಿ ಓಡುವುದೇ ಇಲ್ಲ! ಕತ್ತಲಾದರೆ ಮಾತ್ರ ಎಚ್ಚರಾಗುವ ಲೈಟು ಅದು. ಬೆಳಕನ್ನು ಗುರುತಿಸುವ ಚುಕ್ಕೆಯ ಮೇಲೆ ನನ್ನದೊಂದು ಕಪ್ಪು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. ಈಗ ಅಡುಗೆಮನೆಯಲ್ಲಿ ನಾನು ಓಡಾಡಿದರೂ ಮಗ್ಗ ಓಡುತ್ತಿತ್ತು. ನೂಲು ಸುತ್ತಿ ಬರುವ ರಟ್ಟಿನ ಕೊಳವೆಯ ತುಂಡೊಂದನ್ನು ಸೆನ್ಸರಿನ ಕಣ್ಣಿಗೆ ತೊಡಿಸಿದ ಮೇಲೆ ನೇರ ಎದುರಿನವರನ್ನಷ್ಟೇ ನೋಡತೊಡಗಿತು.

ಸರಸ್ವತಿ ಪೂಜೆಯ ದಿನ ಅಕ್ಕನನ್ನು ಅವಳ ಮಗಳು ಕರೆತಂದಳು. ಗೊಂಬೆಗಳ ಮುಂದೆ ಕುರ್ಚಿ ತಳ್ಳುತ್ತಲೇ ಮಗ್ಗ ಟಕಟಕ ಎಂದು ಹೊರಟಿತು.

"ಅಮ್ಮಾ, ನೋಡು, ಚಿಕ್ಕಮ್ಮ ನಿನಗೋಸ್ಕರ ಮಾಡವ್ರೆ."

ಅಕ್ಕ ಅಲುಗಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಕಲ್ಲಿನಂತೆ ಕೂತಳು. ಸ್ವಲ್ಪ ಹೊತ್ತಿಗೆ ಮಗ್ಗ ನಿಂತಿತು. ಆಗ ಹೊಳೆಯಿತು: ಈ ಸೆನ್ಸರ್ ಅಲುಗಾಡುವವರನ್ನು ಮಾತ್ರ ಕಾಣುತ್ತದೆ, ಸುಮ್ಮನೆ ಕೂತವರು ಅದರ ಪಾಲಿಗೆ ಇಲ್ಲವೇ ಇಲ್ಲ. ಇಷ್ಟೆಲ್ಲ ಮಾಡಿ, ಯಾರಿಗಾಗಿ ಮಾಡಿದೆನೋ ಅವಳನ್ನೇ ಕಾಣದ ಕಣ್ಣು ಕೊಂಡು ತಂದಿದ್ದೆ. ನಾನೇ ಕೈ ಬೀಸಿ ಓಡಿಸೋಣವೆಂದು ಮುಂದೆ ಬಂದೆ.

ಅಷ್ಟರಲ್ಲಿ ಅಕ್ಕ ಮುಂದಕ್ಕೆ ಬಾಗಿದಳು. ಮಗ್ಗ ನಿಂತಿತೆಂದರೆ ಎಲ್ಲೋ ಎಳೆ ಕಡಿದಿದೆ ಎಂದೇ ನೇಯುವವರಿಗೆ ಲೆಕ್ಕ. ಅವಳ ಬೆರಳುಗಳು ಎಳೆಗಳ ಮೇಲೆ ಮೆಲ್ಲಗೆ ಸರಿದವು. ಕೈ ಆಡಿದ್ದೇ ತಡ, ಮಗ್ಗ ಮತ್ತೆ ಓಡಿತು. ಕೈ ಹಿಂದೆಗೆದು ನೋಡುತ್ತಾ ಕೂತಳು. ನಿಂತಿತು. ಮತ್ತೆ ಬಾಗಿದಳು. ಈ ಸಲ ಅವಳ ಹುಬ್ಬು ಗಂಟಿಕ್ಕಿತ್ತು.

"ಮತ್ತೆ ಕಡೀತು. ಏನೇ ನೋಡ್ತಾ ನಿಂತಿದ್ದೀಯ ಗೊಂಬೆ ಥರ? ಆ ಕಡೆಯಿಂದ ಹಿಡ್ಕೊಳ್ಳೇ!"

ನನ್ನನ್ನು ಯಾರೆಂದು ತಿಳಿದಳೋ ಕೇಳಲಿಲ್ಲ. ನೆಲಕ್ಕೆ ಕೂತು, ಕಡಿಯದ ಎಳೆಯನ್ನು ಆ ಕಡೆಯಿಂದ ಹಿಡಿದುಕೊಂಡೆ.