ಅವರು ಬಿಗಿದ ಬೋಲ್ಟು, ಕ್ಯಾಚ್ ಕ್ಯಾನಿನ ಜಾಗ

ಆದವಾನಿಯ ಎಮ್ಮಿಗನೂರು ರಸ್ತೆಯಲ್ಲಿ ನಮ್ಮದೊಂದು ಡೀಸೆಲ್ ಗಾಡಿ ರಿಪೇರಿ ಶೆಡ್ಡು. ಹನ್ನೊಂದು ವರ್ಷ ನಮ್ಮನೆ ಯಜಮಾನರ ಪಕ್ಕದಲ್ಲಿ ನಿಂತು ಕೆಲಸ ಕಲಿತೆ. ಹೋದ ವರ್ಷ ಅವರು ತೀರಿಕೊಂಡರು. ಈಗ ಹೇಳುವುದು ಆಮೇಲಿನ ಮೂರನೇ ತಿಂಗಳಿನ ಮಾತು. ಹತ್ತಿಯ ಸೀಜನ್ ಜೋರಾಗಿತ್ತು.

ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮಲ್ಲಪ್ಪ ಸಾವುಕಾರರ ನಾಲ್ಕು ಪಿಕಪ್ ಗಾಡಿಗಳು ಹಳ್ಳಿಗಳಿಂದ ಹತ್ತಿ ತರುತ್ತವೆ. ನಾಲ್ಕೂ ನಮ್ಮಲ್ಲಿಗೇ ಬರುತ್ತಿದ್ದವು. ಅವು ಬೇರೆ ಕಡೆ ಹೋದರೆ ನಾನು ಶೆಡ್ಡು ಮುಚ್ಚಬೇಕಿತ್ತು. ಒಂದು ಬೆಳಿಗ್ಗೆ ಡ್ರೈವರ್ ಖಾಜಾ ಬಂದು, "ಅಕ್ಕಾ, ಸುಟ್ಟ ಎಣ್ಣಿ ವಾಸನಿ ಬರ್ತೈತಿ, ನೋಡು" ಅಂದ.

ಎಂಜಿನ್ನಿನೊಳಗಿನ ಹೊಗೆಯ ಜೊತೆ ಆಯಿಲಿನ ಸಣ್ಣ ಹನಿಗಳು ಹೊರಬರುತ್ತವೆ. ಪೈಪಿನ ಮೂಲಕ ಅವು ಎಂಜಿನ್ ಗಾಳಿ ಎಳೆಯುವ ದಾರಿಗೇ ಹೋಗಿ ಜಿಡ್ಡು ಕಟ್ಟುತ್ತವೆ. ನಡುವೆ ಒಂದು ಡಬ್ಬಿ ಇಟ್ಟರೆ ಆಯಿಲ್ ಅದರಲ್ಲಿ ನಿಲ್ಲುತ್ತದೆ. ಅದೇ ಕ್ಯಾಚ್ ಕ್ಯಾನ್. ತುಂಬಿದಂತೆ ಖಾಲಿ ಮಾಡುತ್ತಿರಬೇಕು. ತಂಪಿನಲ್ಲಿ ಆಯಿಲ್ ಚೆನ್ನಾಗಿ ಇಳಿಯುತ್ತದೆ ಎಂದು ಯಜಮಾನರು ಅದನ್ನು ಮುಂದೆ, ಹೆಡ್‌ಲೈಟಿನ ಹಿಂದೆ ಕೂಡಿಸಿದ್ದರು.

ಬಾನೆಟ್ ಎತ್ತಿದೆ. ಎಂಜಿನ್ ಕಡೆಯ ಪೈಪಿನ ಜಾಯಿಂಟಿಗೆ ದಪ್ಪಗೆ ಹತ್ತಿ ಸುತ್ತಿ ದಾರ ಕಟ್ಟಿತ್ತು. ಹತ್ತಿ ಆಯಿಲ್ ಕುಡಿದು ಕಪ್ಪಾಗಿತ್ತು. ಅದರ ಕೆಳಗೇ, ಎಂಜಿನ್ನಿನ ಬಿಸಿ ಹೊಗೆಯಿಂದ ತಿರುಗಿ ಕೆಂಡದಂತೆ ಕಾಯುವ ಟರ್ಬೊ.

"ಇದ್ಯಾರ ಕೆಲಸ?"

"ನಂದೇ, ಅಕ್ಕಾ. ಸೋರ್ತಿತ್ತು. ನಮ್ಮೂರಾಗ ಹತ್ತಿಗೆ ಬರ ಐತೇನು?"

"ಡಬ್ಬಿ ಖಾಲಿ ಮಾಡಬಾರದೇನೋ?"

"ಅದು ಕೈಗೆ ಸಿಗಬೇಕಲ್ಲ. ಮುಂದಿನ ಜಾಲರಿ ಬಿಚ್ಚಬೇಕು. ನಾ ಡ್ರೈವರ್, ಮೆಕಾನಿಕ್ ನೀನು."

ಅವನ ಮಾತು ನಿಜ. ಪ್ರತಿ ಸರ್ವಿಸಿನಲ್ಲಿ ಯಜಮಾನರೇ ಜಾಲರಿ ಬಿಚ್ಚಿ ಡಬ್ಬಿ ಖಾಲಿ ಮಾಡುತ್ತಿದ್ದರು. ಅವರು ಹೋದ ಮೇಲೆ ಇದೇ ಗಾಡಿಯ ಆಯಿಲ್ ಬದಲಿಸಿದವಳು ನಾನು. ಆದರೆ ಅವರು ಬಿಗಿದ ಜಾಲರಿಯ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಲು ಮನಸ್ಸು ಬಂದಿರಲಿಲ್ಲ. ಹಾಗೇ ಬಿಟ್ಟಿದ್ದೆ. ಡಬ್ಬಿ ತುಂಬಿ, ದಾರಿ ಕಟ್ಟಿ, ಜಾಯಿಂಟ್ ಸೋರಿತ್ತು.

ಅಂದು ಬಿಚ್ಚಿದೆ. ಅಷ್ಟರಲ್ಲಿ ಸಾವುಕಾರರು ಬಂದರು. ಡಬ್ಬಿಯ ಜಾಗ ಬದಲಿಸುತ್ತೇನೆ ಎಂದೆ.

"ತೊಳದು ಅಲ್ಲೇ ಇಡವ್ವಾ. ಮೂರು ತಿಂಗಳಾಗಿಲ್ಲ, ಆಗಲೇ ಗಂಡನ ಕೆಲಸದಾಗ ತಪ್ಪು ತೆಗಿಯಾಕ ಕುಂತೀಯಲ್ಲ."

"ಅಲ್ಲಿ ಇಡಂಗಿಲ್ರಿ."

"ಹಂಗಾದ್ರ ಸ್ಟೇಷನ್ ಕಡಿ ಶೆಡ್ಡಿಗೆ ಒಯ್ತೀವಿ. ನಾಕೂ ಗಾಡಿ."

ಆ ಕರಿ ಹತ್ತಿಯ ಉಂಡೆಯನ್ನು ಅವರ ಅಂಗೈಯಲ್ಲಿಟ್ಟೆ. "ಒಯ್ಯೋದಿದ್ರ ಒಯ್ರಿ. ಇದನ್ನೂ ಒಯ್ರಿ. ಎಣ್ಣಿ ಐತಿ, ಬತ್ತಿ ಐತಿ, ಕೆಳಗ ಬೆಂಕಿಯಂಥ ಟರ್ಬೊ ಐತಿ. ಹಿಂದ ಗಾಡಿ ತುಂಬ ನಿಮ್ಮ ಹತ್ತಿ ಐತಿ. ಮುಂದ ಖಾಜಾ ಕುಂತಿರತಾನ."

ಅವರು ಅಂಗೈ ನೋಡಿಕೊಂಡರು. ಬಿಳಿ ಅಂಗಿಗೆ ತಾಗದಂತೆ ಕೈ ದೂರ ಹಿಡಿದು ಸ್ಟೂಲಿನ ಮೇಲೆ ಕುಳಿತರು. "ನಿನ್ನ ಗಂಡನೂ ಹಿಂಗಾ ಇದ್ದ. ಮೊಂಡ."

"ಅವರ ಹತ್ರಾನೇ ಕಲ್ತದ್ರಿ."

ಟರ್ಬೊದ ಎದುರು ಬದಿಯಲ್ಲಿ, ಬ್ಯಾಟರಿಯ ಪಕ್ಕದ ಗೋಡೆಗೆ ಡಬ್ಬಿ ಕೂಡಿಸಿದೆ. ಎಂಜಿನ್ನಿಗೆ ಕಟ್ಟಿದರೆ ಅದುರಿ ಸಡಿಲಾಗುತ್ತದೆ, ಅದಕ್ಕೇ ಗಾಡಿಯ ಮೈಗೆ ಬಿಗಿದೆ. ಆಯಿಲ್ ನಡುವೆ ನಿಲ್ಲದ ಹಾಗೆ ಪೈಪನ್ನು ಎಲ್ಲೂ ಜೋಲು ಬಿಡದೆ ಎಳೆದೆ. ಮುಂದಿನಷ್ಟು ತಂಪಿಲ್ಲ, ಒಪ್ಪುತ್ತೇನೆ. ಆದರೆ ಬಾನೆಟ್ ಎತ್ತಿದರೆ ಮೊದಲು ಕಾಣುವುದು ಅದೇ. ಖಾಜಾನಿಂದಲೇ ಒಮ್ಮೆ ಬಿಚ್ಚಿಸಿ, ಮತ್ತೆ ಹಾಕಿಸಿ ಕಳಿಸಿದೆ.

ಉಳಿದ ಮೂರು ಗಾಡಿಗಳು ಅದೇ ವಾರ ಒಂದೊಂದಾಗಿ ಬಂದವು. ಅವುಗಳ ಡಬ್ಬಿಯನ್ನೂ ಬ್ಯಾಟರಿಯ ಪಕ್ಕಕ್ಕೆ ತಂದೆ.

ಡಬ್ಬಿಯನ್ನು ಮೆಕಾನಿಕ್ ಕೈಗೆಟುಕುವಲ್ಲಿ ಇಟ್ಟರೆ ಸಾಲದು, ಮೆಕಾನಿಕ್ ಇಲ್ಲದ ದಿನ ಡ್ರೈವರ್ ಕೈಗೂ ಎಟುಕಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ನಾಲ್ಕೂ ಗಾಡಿಗಳ ಮುಂದೆ ಡಬ್ಬಿಗಾಗಿ ಯಜಮಾನರು ಕೊರೆದ ಎರಡೆರಡು ತೂತುಗಳಿವೆ. ಅವನ್ನು ಮುಚ್ಚಿಲ್ಲ. ಪ್ರತಿ ಸರ್ವಿಸಿಗೂ ಜಾಲರಿ ಬಿಚ್ಚಿ, ಅವುಗಳ ಸುತ್ತ ಕೂತ ಹತ್ತಿಯ ದೂಳು ಒರೆಸಿ, ಜಾಲರಿಯ ಬೋಲ್ಟುಗಳನ್ನು ನಾನೇ ಬಿಗಿಯುತ್ತೇನೆ.